ಎರಡಕ್ಕೂ ಒಂದೇ ಪರದೆ

"ಡಿಸೈನ್ ಕೆಲ್ಸಕ್ಕ ಬೇಕೋ ಸರ, ಗೇಮ್ ಆಡಾಕೋ?"

ಹೋದ ವಾರ ನನ್ನ ಪ್ರೆಸ್ಸಿನ ಹಳೆಯ ಮಾನಿಟರ್ ಕೈಕೊಟ್ಟಿತೆಂದು ಹೊಸದನ್ನು ತರಲು ಕಂಪ್ಯೂಟರ್ ಅಂಗಡಿಗೆ ಹೋಗಿದ್ದೆ. ಅಂಗಡಿಯವರು ಪ್ರತಿ ಗಿರಾಕಿಗೂ ಕೇಳುವ ಪ್ರಶ್ನೆಯನ್ನೇ ನನಗೂ ಕೇಳಿದರು. ಉತ್ತರ ಕಷ್ಟದ್ದೇನಲ್ಲ. ವಿಜಯಪುರದ ಬಜಾರಿನ ಹಿಂದಿನ ಓಣಿಯಲ್ಲಿ ಲಗ್ನಪತ್ರಿಕೆ, ಕರಪತ್ರ, ಒಣದ್ರಾಕ್ಷಿಯ ಬಾಕ್ಸು ಮಾಡಿಕೊಂಡು ಇರುವವನು ನಾನು. ಡಿಸೈನಿಗೆ ಅಂದರೆ ಮುಗಿಯಿತು. ಆದರೆ ನನ್ನ ಬಾಯಿಂದ ಬಂದದ್ದು "ಎರಡಕ್ಕೂ ರೀ" ಎಂದು.

ಅದು ನನ್ನ ಮಾತಲ್ಲ, ಅಕ್ಕೋರ ಮಾತು. ಕೆಲವು ವರ್ಷಗಳ ಹಿಂದೆ ಇದೇ ಅಂಗಡಿಯಲ್ಲಿ, ಇದೇ ಕಟ್ಟೆಯ ಮುಂದೆ ನಿಂತು, ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಅವರು ಹೇಳಿದ್ದರು: "ಎರಡಕ್ಕೂ ರೀ. ನಮಗ ಎರಡೂ ಒಂದ ಕೆಲ್ಸ." ಅಕ್ಕೋರು ಈಗಿಲ್ಲ. ಹೋದ ವರ್ಷ ತೀರಿಕೊಂಡರು. ನಾನು ಮಾನಿಟರ್ ಕೊಳ್ಳದೆ, ಇನ್ನೊಮ್ಮೆ ಬರುತ್ತೇನೆಂದು ಹೇಳಿ ಹೊರಗೆ ಬಂದುಬಿಟ್ಟೆ.

ಹೆಸರಿಗಿಂತ ನಮಗೆಲ್ಲ ಅವರು ಅಕ್ಕೋರು. ನಮ್ಮ ಕಡೆ ಸಾಲಿ ಕಲಿಸುವ ಹೆಣ್ಣುಮಕ್ಕಳನ್ನು ಹಾಗೆ ಕರೆಯುವುದು. ಬಬಲೇಶ್ವರದ ಒಂದು ಖಾಸಗಿ ಸಾಲಿಯಲ್ಲಿ ಚಿತ್ರಕಲೆ ಕಲಿಸುತ್ತಿದ್ದರು. ಸಾಲಿಯವರು ಚಿತ್ರಕಲೆಗೆ ಪ್ರತ್ಯೇಕ ಶಿಕ್ಷಕಿ ಯಾಕೆ ಎಂದು ಆ ಹುದ್ದೆಯನ್ನೇ ತೆಗೆದಾಗ, ಕಂಪ್ಯೂಟರ್ ಕಲಿತು ನನ್ನ ಪ್ರೆಸ್ಸಿಗೆ ಬಂದರು. ಕೆಲಸದಲ್ಲಿ ಬಂಗಾರ. ಮನಸ್ಸು ಮಾತ್ರ ಸದಾ ಒಲೆಯ ಮೇಲಿಟ್ಟ ಹಾಲು, ಯಾವಾಗ ಉಕ್ಕುತ್ತದೋ ಎಂದು ಪಕ್ಕದಲ್ಲಿದ್ದವರೂ ನೋಡುತ್ತಲೇ ಇರಬೇಕು.

ಬೆಳಿಗ್ಗೆ ಬಂದು ಕುರ್ಚಿಯಲ್ಲಿ ಕೂತರೋ ಇಲ್ಲವೋ, ಮತ್ತೆ ಏಳುತ್ತಿದ್ದರು. "ತಮ್ಮಾ, ಗ್ಯಾಸ್ ಬಂದ್ ಮಾಡಿ ಬಂದೀನೋ ಇಲ್ಲೋ?" ನನಗೆ ಹೇಗೆ ಗೊತ್ತಿರಬೇಕು? ಪಕ್ಕದ ಮನೆಯ ಬೇಗಂಗೆ ಫೋನು ಹೋಗುತ್ತಿತ್ತು. ಆಕೆಯ ಹತ್ತಿರ ಇವರ ಮನೆಯ ಇನ್ನೊಂದು ಕೀಲಿಕೈ ಇತ್ತು. ಬರಬರುತ್ತ ಆಕೆ ಫೋನು ಎತ್ತಿದ ಕೂಡಲೇ, ಇವರು ಬಾಯಿ ತೆರೆಯುವ ಮೊದಲೇ, "ಬಂದ್ ಐತ್ರಿ ಅಕ್ಕೋರ, ಕೀಲಿನೂ ಹಾಕೇತಿ, ಸುಮ್ನ ಕೆಲ್ಸ ಮಾಡ್ರಿ" ಎಂದು ಹೇಳಿ ಇಟ್ಟುಬಿಡುತ್ತಿದ್ದಳು.

"ಯಾತಕ್ಕೂ ಇರ್ಲಿ, ಇನ್ನೊಮ್ಮೆ ನೋಡೂಣು" ಎನ್ನುವುದು ಅವರ ಮಂತ್ರ. ಒಮ್ಮೆ ಲಗ್ನಪತ್ರಿಕೆಯೊಂದನ್ನು ಹುಡುಗಿಯ ತಂದೆ ಓದಿ, ಒಪ್ಪಿ, ಸಹಿ ಹಾಕಿ ಹೋಗಿದ್ದರು. ಅಕ್ಕೋರಿಗೆ ಸಮಾಧಾನವಾಗಲಿಲ್ಲ. ಸಂಜೆ ಅವರ ಮನೆಗೇ ಫೋನು ಮಾಡಿ, "ಹುಡುಗನ ಹೆಸರು ಇದ ಹೌದಲ್ರಿ? ಪಕ್ಕಾ ಇವರ ಹೌದಲ್ರಿ?" ಎಂದು ಕೇಳಿದರು. ಅರ್ಧ ತಾಸಿನಲ್ಲಿ ಹುಡುಗಿಯ ತಂದೆ, ಕಾಕಾ, ಸೋದರಮಾವ ಮೂವರೂ ಬೆವರು ಒರೆಸಿಕೊಳ್ಳುತ್ತ ಪ್ರೆಸ್ಸಿಗೆ ಬಂದು ನಿಂತರು. "ಅಕ್ಕೋರ, ಖರೇ ಹೇಳ್ರಿ, ಹುಡುಗನ ಬಗ್ಗೆ ಏನರ ಸುದ್ದಿ ಕೇಳೀರೇನು? ನಿಮ್ಮ ಕಾಲಿಗೆ ಬೀಳ್ತೀವಿ, ಮುಚ್ಚಿಡಬ್ಯಾಡ್ರಿ." ಅವರನ್ನು ಕೂರಿಸಿ ಚಹಾ ಕುಡಿಸಿ ಕಳಿಸುವಷ್ಟರಲ್ಲಿ ನನಗೆ ಸಾಕುಸಾಕಾಯಿತು. ಅಕ್ಕೋರು ಮಾತ್ರ, "ಪಾಪ, ಎಷ್ಟ ಅಂಜಿದ್ರು ನೋಡು" ಎಂದರು, ತಮಗೂ ಅದಕ್ಕೂ ಸಂಬಂಧವೇ ಇಲ್ಲದವರಂತೆ.

ಅವರ ಮದುವೆಯೂ ಈ ಅಂಜಿಕೆಯಿಂದಲೇ ಆದದ್ದು ಎಂದು ನಾನು ಚಾಷ್ಟಿ ಮಾಡುತ್ತಿದ್ದೆ. ಬಬಲೇಶ್ವರಕ್ಕೆ ದಿನಾ ಬಸ್ಸಿನಲ್ಲಿ ಹೋಗುತ್ತಿದ್ದ ಕಾಲ. ಮನೆಯಿಂದ ಹೊತ್ತಿಗೆ ಸರಿಯಾಗಿ ಹೊರಡುವರು, ಅರ್ಧ ದಾರಿಗೆ ಬಂದು ಕೀಲಿ ಹಾಕಿದೆನೋ ಇಲ್ಲವೋ ಎಂದು ತಿರುಗಿ ಹೋಗುವರು, ಆಮೇಲೆ ಓಡೋಡಿ ಬರುವರು. ಆ ಗಾಡಿಯ ಡ್ರೈವರು ಕನ್ನಡಿಯಲ್ಲಿ ಇವರನ್ನು ಕಂಡು ನಿಲ್ಲಿಸಿಕೊಂಡಿರುತ್ತಿದ್ದರು. ಮಂದಿ ಗೊಣಗಿದರೆ, "ಅಕ್ಕೋರು ಬರ್ಲಿಲ್ಲಂದ್ರ ಹುಡುಗರಿಗೆ ಚಿತ್ರ ಯಾರ ಕಲಿಸ್ತಾರೋ? ನೀ ಕಲಿಸ್ತಿಯೇನು?" ಎನ್ನುತ್ತಿದ್ದರಂತೆ. ಮುಂದೆ ಅಕ್ಕೋರು ಅವರನ್ನೇ ಮದುವೆಯಾದರು. ನಾನು ಆ ಡ್ರೈವರನ್ನು ಅಣ್ಣಾರ ಎಂದು ಕರೆಯುತ್ತಿದ್ದೆ. ಮಾತು ಕಡಿಮೆ, ನಗು ಹೆಚ್ಚು. ಮದುವೆಯಾದ ಮೇಲೂ ಹೆಂಡತಿಯನ್ನು "ಅಕ್ಕೋರ" ಎಂದೇ ಕರೆಯುತ್ತಿದ್ದರು.

ಅಣ್ಣಾರಿಗೆ ಒಂದು ದಿನ ಬೆಳಿಗ್ಗೆ, ಡ್ಯೂಟಿಗೆ ಹೊರಡಲು ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದಾಗ, ಲಕ್ವಾ ಹೊಡೆಯಿತು. ಬಲಗಡೆಯ ಕೈಕಾಲು ಬಿದ್ದವು. ಮಾತು ನಿಂತಿತು. ಕಾಲು ಮೆಲ್ಲಗೆ ತಿರುಗಿ ಬಂತು, ಕೋಲು ಹಿಡಿದು ನಡೆಯುವ ಮಟ್ಟಿಗೆ. ಕೈ ಬರಲಿಲ್ಲ. ವ್ಯಾಯಾಮ ಮಾಡಿಸುತ್ತಿದ್ದ ಡಾಕ್ಟರು ಅಕ್ಕೋರಿಗೆ ಒಂದು ಮಾತು ಹೇಳಿದ್ದರು: "ಕೈಗೆ ಈಗ ಕೆಲ್ಸಾ ಕೊಡ್ರಿ. ತಡಾ ಮಾಡಿದಷ್ಟೂ ಕಷ್ಟ ಐತಿ."

ಅಂಜುವವನ ಮೇಲೆ ಕಪ್ಪೆ ಎಸೆದ ಹಾಗಾಯಿತು. ಅವತ್ತಿನಿಂದ ಅಕ್ಕೋರಿಗೆ ಗ್ಯಾಸು, ಕೀಲಿ, ಲಗ್ನಪತ್ರಿಕೆ ಎಲ್ಲ ಮರೆತುಹೋದವು. ಉಳಿದದ್ದು ಒಂದೇ ಅಂಜಿಕೆ, ಆ ಕೈ ತಿರುಗಿ ಬರುತ್ತದೋ ಇಲ್ಲವೋ ಎಂಬುದು. ಕೆಲಸವನ್ನು ಮನೆಗೇ ಒಯ್ದರು. ಅವರ ಹಳೆಯ ಕಂಪ್ಯೂಟರಿನಲ್ಲಿ ಬಾಕ್ಸುಗಳ ಡಿಸೈನ್ ಮಾಡಿ ಕಳಿಸುತ್ತಿದ್ದರು. ಕೈಯಲ್ಲಿ ಹಿಚುಕಲು ಡಾಕ್ಟರು ಕೊಟ್ಟ ರಬ್ಬರ್ ಚೆಂಡನ್ನು ಅಣ್ಣಾರು ಎಡಗೈಯಿಂದ ಎತ್ತಿ ಗೋಡೆಗೆ ಒಗೆಯುತ್ತಿದ್ದರು. "ಅಷ್ಟ ದೊಡ್ಡ ಗಾಡಿ ತಿರುವಿದ ಕೈ ತಮ್ಮಾ ಅದು. ಅದಕ್ಕ ಕೂಸಿನ ಚೆಂಡ ಕೊಟ್ರ ಸಿಟ್ಟ ಬರೂದಿಲ್ಲೇನು?" ಎಂದು ಅಕ್ಕೋರು ಆ ಚೆಂಡನ್ನು ಹೆಕ್ಕಿ ತರುತ್ತಿದ್ದರು.

ಒಂದು ಭಾನುವಾರ ಅಕ್ಕೋರು ಪ್ರೂಫ್ ನೋಡಲು ಪ್ರೆಸ್ಸಿಗೆ ಬಂದಾಗ, ಮನೆಯಲ್ಲಿ ಒಬ್ಬರನ್ನೇ ಬಿಡಲಾಗದೆ ಅಣ್ಣಾರನ್ನೂ ಕರೆತಂದರು. ನಾನು ಕೆಲಸವಿಲ್ಲದಾಗ ಕಂಪ್ಯೂಟರಿನಲ್ಲಿ ಬಸ್ ಓಡಿಸುವ ಒಂದು ಗೇಮ್ ಆಡುತ್ತಿದ್ದೆ. ನಡುವಯಸ್ಸಿನವನಿಗೆ ಇದೇನು ಹುಚ್ಚು ಎಂದು ನನ್ನ ಹೆಂಡತಿ ಈಗಲೂ ಕೇಳುತ್ತಾಳೆ. ಅವತ್ತೂ ಓಡಿಸುತ್ತಿದ್ದೆ. ಒಂದು ತಿರುವಿನಲ್ಲಿ ನನ್ನ ಬಸ್ಸು ಹೋಗಿ ಕಂಬಕ್ಕೆ ಗುದ್ದಿತು.

"ಥೂ!"

ಅಂದದ್ದು ಅಣ್ಣಾರು. ತಿಂಗಳುಗಟ್ಟಲೆ ಬಾಯಿ ಬಿಡದವರು. ಕುರ್ಚಿ ಜರುಗಿಸಿಕೊಂಡು ಹತ್ತಿರ ಬಂದು, ಎಡಗೈಯಿಂದ ನನ್ನ ಕೈ ತಳ್ಳಿ, ಕೀಬೋರ್ಡ್ ಹಿಡಿದರು. ಬಸ್ಸನ್ನು ಹಿಂದೆ ತೆಗೆದು, ರಸ್ತೆಗೆ ತಂದು, ಸಾವಕಾಶ ಹೊರಡಿಸಿದರು. ಅಕ್ಕೋರು ಕೈಯಲ್ಲಿದ್ದ ಪ್ರೂಫನ್ನು ಕೆಳಗೆ ಬೀಳಿಸಿದ್ದು ಅವರಿಗೇ ಗೊತ್ತಾಗಲಿಲ್ಲ. ಆದರೆ ನನ್ನ ಕಂಪ್ಯೂಟರು ಹಳೆಯದು, ಗ್ರಾಫಿಕ್ಸ್ ಕಾರ್ಡ್ ಇಲ್ಲದ್ದು. ಚಿತ್ರ ತಡೆತಡೆದು, ಹಾರಿ ಹಾರಿ ಬರುತ್ತಿತ್ತು. ಸ್ವಲ್ಪ ಹೊತ್ತಿನಲ್ಲಿ ಅಣ್ಣಾರಿಗೆ ತಲೆ ತಿರುಗಿತು, ಕಣ್ಣು ಮುಚ್ಚಿ ಅಲ್ಲೇ ವಾಂತಿ ಮಾಡಿಕೊಂಡರು.

ಆ ದಿನ ಅಕ್ಕೋರ ಮುಖದಲ್ಲಿ ಕಂಡ ಸಂತೋಷವನ್ನೂ ಅಂಜಿಕೆಯನ್ನೂ ಬೇರೆಬೇರೆ ಮಾಡಿ ಹೇಳಲು ನನಗೆ ಬರುವುದಿಲ್ಲ. ಮರುದಿನ ನಾನು ಪ್ರೆಸ್ಸು ತೆಗೆಯುವ ಮೊದಲೇ ಬಂದು ಬಾಗಿಲಲ್ಲಿ ನಿಂತಿದ್ದರು. "ತಮ್ಮಾ, ಚಿತ್ರ ಹಾರಬಾರದು ಅಂದ್ರ ಏನೋ ಕಾರ್ಡ್ ಬೇಕಂತಲ್ಲ? ನಡಿ."

ಹೀಗೆ ನಾವು ಆ ಅಂಗಡಿಗೆ ಹೋದದ್ದು. ಅಂಗಡಿಯವರು ತಾಳ್ಮೆಯ ಮನುಷ್ಯ, ಬಿಡಿಸಿ ಹೇಳಿದರು. ಗೇಮಿಗೆ ವೇಗ ಮುಖ್ಯ. ಪರದೆ ಒಂದು ಸೆಕೆಂಡಿಗೆ ಎಷ್ಟು ಸಲ ಚಿತ್ರ ಬದಲಿಸುತ್ತದೆ ಎಂಬುದನ್ನು ಹರ್ಟ್ಜ್ ಎನ್ನುತ್ತಾರೆ, ಅದು ಹೆಚ್ಚಿದ್ದಷ್ಟೂ ಓಟ ನಯ. ಆ ಓಟಕ್ಕೆ ತಕ್ಕಂತೆ ಚಿತ್ರ ಒದಗಿಸುವುದು ಗ್ರಾಫಿಕ್ಸ್ ಕಾರ್ಡು. ಡಿಸೈನಿಗಾದರೆ ಬಣ್ಣ ಮುಖ್ಯ, ಓಟ ನಿಧಾನವಿದ್ದರೂ ನಡೆಯುತ್ತದೆ. ಬಾಗಿದ ಪರದೆಯ ಒಂದು ಮಾನಿಟರ್ ಗಾಳಿಯಂತೆ ಓಡುತ್ತಿತ್ತು, ಆದರೆ ಮಗ್ಗುಲಿಗೆ ಸರಿದು ನೋಡಿದರೆ ಬಣ್ಣವೇ ಬೇರೆ. ಇನ್ನೊಂದರ ಬಣ್ಣ ಅಚ್ಚುಕಟ್ಟು, ಆದರೆ ಅದರಲ್ಲಿ ಬಸ್ಸು ತಿರುಗಿದರೆ ಮನೆಗಳೆಲ್ಲ ಮಸುಕಾಗುತ್ತಿದ್ದವು. ಎತ್ತು ಏರಿಗೆಳೆದರೆ ಕೋಣ ನೀರಿಗೆ.

"ಎರಡ ಮಾನಿಟರ್ ತಗೊಂಡಬಿಡ್ರಿ ಮೇಡಂ, ಚಿಂತಿನ ಇಲ್ಲ" ಎಂದರು ಅಂಗಡಿಯವರು.

"ಎರಡಕ್ಕ ಶಕ್ತಿ ಇಲ್ರಿ. ಇರೂದೂ ಒಂದ ಖೋಲಿ, ಒಂದ ಟೇಬಲ್."

ಆಮೇಲೆ ಶುರುವಾದವು ಅಕ್ಕೋರ ಪ್ರಶ್ನೆಗಳು. ಈ ಕಾರ್ಡು ನಮ್ಮ ಹಳೆಯ ಡಬ್ಬಿಯೊಳಗೆ ಹಿಡಿಸುತ್ತದೋ ಇಲ್ಲವೋ? ಒಳಗಿನ ಎಸ್‌ಎಂಪಿಎಸ್ ಇದಕ್ಕೆ ಸಾಕಾಗುವಷ್ಟು ಕರೆಂಟು ಕೊಡುತ್ತದೋ, ಇಲ್ಲ ಸುಟ್ಟುಹೋಗುತ್ತದೋ? ನಮ್ಮ ಊರಿನ ಬ್ಯಾಸಗಿಯನ್ನು ಇದು ತಡೆಯುತ್ತದೋ? ಧೂಳಿಗೆ ಏನು ಮಾಡಬೇಕು? ಅಂಗಡಿಯವರು ಒಂದಕ್ಕೆ ಉತ್ತರ ಹೇಳಿದರೆ ಅದರ ಹೊಟ್ಟೆಯಿಂದ ಇನ್ನೆರಡು ಪ್ರಶ್ನೆ ಹುಟ್ಟುತ್ತಿದ್ದವು. ಕಡೆಗೆ ಸಣ್ಣ ದನಿಯಲ್ಲಿ ಕೇಳಿದರು: "ಅವರು ಗಾಡಿ ಓಡಸಾಕತ್ತಾಗ ಕರೆಂಟ್ ಹೋಗಿ ಒಮ್ಮಿಂದೊಮ್ಮೆಲೆ ಕತ್ತಲಾತು ಅನ್ರಿ. ಲಕ್ವಾ ಹೊಡದ ದಿನ ಆದಂಗ ಮತ್ತ ಆತು ಅಂತ ಅವರಿಗೆ ಅನಿಸೂದಿಲ್ಲೇನ್ರಿ?" ಅಂಗಡಿಯವರು ಒಳಗೆ ಹೋಗಿ ಒಂದು ಒಳ್ಳೆಯ ಯುಪಿಎಸ್ ತಂದು ಕಾರ್ಡಿನ ಪಕ್ಕಕ್ಕೆ ಇಟ್ಟರು.

ಕಾರ್ಡು ಹೇಗೋ ಆಯಿತು. ಮಧ್ಯಮದ್ದು, ಬಸ್ಸಿಗೂ ಸಾಕು, ಡಿಸೈನಿಗೂ ಸಾಕು, ಡಬ್ಬಿಯೊಳಗೂ ಹಿಡಿಸುವಂಥದ್ದು. ಮಾನಿಟರಿಗೆ ಬಂದಾಗ ಅಕ್ಕೋರು ಬ್ಯಾಗಿನಿಂದ ಕರವಸ್ತ್ರದ ಗಂಟೊಂದನ್ನು ತೆಗೆದರು. ಬಿಚ್ಚಿದರೆ ಒಳಗೆ ಒಣದ್ರಾಕ್ಷಿ. ಹಸಿರು, ಬಂಗಾರದ ಬಣ್ಣದ್ದು, ಕಂದು, ಮೂರೂ ತರಹದವು. ಅವನ್ನೇ ಫೋಟೋ ತೆಗೆದು ಪೆನ್‌ಡ್ರೈವಿನಲ್ಲಿ ಹಾಕಿಕೊಂಡು ಬಂದಿದ್ದರು. ಒಂದೊಂದು ಮಾನಿಟರಿನಲ್ಲೂ ಆ ಫೋಟೋ ಹಾಕಿಸಿ, ದ್ರಾಕ್ಷಿಯನ್ನು ಚಿಮ್ಮಟಿಗೆಯಲ್ಲಿ ಹಿಡಿದಷ್ಟು ನಾಜೂಕಾಗಿ ಎರಡು ಬೆರಳಲ್ಲಿ ಹಿಡಿದು ಪರದೆಯ ಪಕ್ಕ ಇಟ್ಟು ನೋಡತೊಡಗಿದರು. ಬಂದ ಗಿರಾಕಿಗಳು ತಮ್ಮ ಕೆಲಸ ಬಿಟ್ಟು ಇದನ್ನೇ ನೋಡುತ್ತ ನಿಂತರು.

"ಇದಕ್ಕ ದ್ರಾಕ್ಷಿ ಯಾಕ್ರಿ ಮೇಡಂ?"

"ನನ್ನ ಹೊಟ್ಟಿ ನಡಿಯೂದ ಇದರ ಬಣ್ಣದ ಮ್ಯಾಲ ರೀ."

ಮಾತು ಸುಳ್ಳಲ್ಲ. ನಮ್ಮ ಪ್ರೆಸ್ಸಿನ ದೊಡ್ಡ ಕೆಲಸವೆಂದರೆ ತಿಕೋಟಾದ ಒಬ್ಬ ವ್ಯಾಪಾರಿಯ ಬಾಕ್ಸುಗಳು. ಒಣದ್ರಾಕ್ಷಿಯಲ್ಲಿ ಬಣ್ಣಕ್ಕೇ ಬೆಲೆ. ಬಾಕ್ಸಿನ ಮೇಲಿನ ಚಿತ್ರಕ್ಕೂ ಒಳಗಿನ ಮಾಲಿಗೂ ತಾಳೆಯಾಗದಿದ್ದರೆ ಕೊಳ್ಳುವವರು ಮುಖ ತಿರುವುತ್ತಾರೆ. ಬಹಳ ಹೊತ್ತಾದ ಮೇಲೆ ಒಂದು ಮಾನಿಟರ್ ಅಕ್ಕೋರ ಮನಸ್ಸಿಗೆ ಬಂತು. ಐಪಿಎಸ್ ಪರದೆ, ಮಗ್ಗುಲಿಂದ ನೋಡಿದರೂ ಬಣ್ಣ ಕೆಡದು, ಓಟವೂ ಚುರುಕು. ದ್ರಾಕ್ಷಿಯೂ ಫೋಟೋವೂ ತಾಳೆಯಾದವು. ಕೊಂಡೆವು. ಆಟೋ ಹತ್ತುವಾಗ, "ತಮ್ಮಾ, ಆ ಇನ್ನೊಂದ ಛಲೋ ಇತ್ತೇನೋ" ಎಂದರು. ನಾನು ಕಿವಿ ಕೇಳಿಸದವನಂತೆ ಆಟೋದವನಿಗೆ ದಾರಿ ಹೇಳಿದೆ.

ಮನೆಯಲ್ಲಿ ಬಸ್ಸು ನಯವಾಗಿ ಓಡಿತು. ಟೇಬಲ್ಲಿಗೆ ಬಿಗಿಯುವಂಥ ಒಂದು ಗೇಮ್ ಸ್ಟೇರಿಂಗನ್ನೂ ತರಿಸಿದ್ದೆವು. ಅಣ್ಣಾರು ಎಡಗೈಯಲ್ಲಿ ತಿರುವುತ್ತಿದ್ದರು. ಅಕ್ಕೋರು ಬಲಗೈಯನ್ನೂ ಎತ್ತಿ ಅದರ ಮೇಲಿಟ್ಟು ಬಟ್ಟೆಯಿಂದ ಸಡಿಲಾಗಿ ಕಟ್ಟುತ್ತಿದ್ದರು. ಎಡಗೈ ತಿರುವಿದಂತೆ ಬಲಗೈಯೂ ಹೋಗಿ ಬರುತ್ತಿತ್ತು. ತಲೆ ತಿರುಗಲಿಲ್ಲ. ಡಾಕ್ಟರೂ ಹೂಂ ಅಂದರು.

ಆದರೆ ಕಾಲಿಗೆ ಮುಳ್ಳು ಚುಚ್ಚಿದ್ದು ತಿಕೋಟಾದಲ್ಲಿ. ಹೊಸ ಮಾನಿಟರಿನಲ್ಲಿ ಮಾಡಿದ ಮೊದಲ ಬಾಕ್ಸಿನ ಪ್ರೂಫ್ ತೆಗೆದುಕೊಂಡು ಅಕ್ಕೋರೂ ನಾನೂ ಅಲ್ಲಿಗೆ ಹೋದೆವು. ತಿಕೋಟಾದವರು ಗೋದಾಮಿನ ದೀಪದ ಕೆಳಗೆ ಮಾಲು ನೋಡುವವರಲ್ಲ. ಹಿಡಿ ತುಂಬ ತೆಗೆದುಕೊಂಡು ಬಾಗಿಲಿಗೆ ಬಂದು, ಹಗಲಿನ ಬೆಳಕಿಗೆ ಅಂಗೈ ಒಡ್ಡಿ ನೋಡುತ್ತಾರೆ. ಆ ವ್ಯಾಪಾರಿಯೂ ಬಾಕ್ಸು ಹಿಡಿದು ಬಾಗಿಲಿಗೆ ಹೋದರು. ಅದರ ಮೇಲೆ ನಾಲ್ಕು ಕಾಳು ದ್ರಾಕ್ಷಿ ಇಟ್ಟರು.

"ಅಕ್ಕೋರ, ಇದು ಹ್ವಾದ ವರ್ಷದ ಮಾಲಿನ ಬಣ್ಣ ಆತು."

ಹಳತಾದ ಕಾಳು ಕಂದುತ್ತದೆ, ಒಣದ್ರಾಕ್ಷಿ ಪೇಟೆಯಲ್ಲಿ ಇದಕ್ಕಿಂತ ಕೆಟ್ಟ ಮಾತಿಲ್ಲ. ನಾನೂ ಬಾಗಿಲಿಗೆ ಹೋಗಿ ನೋಡಿದೆ. ಹೌದು, ಕಾಳು ಎಳೆಹಸಿರಾಗಿ ಹೊಳೆಯುತ್ತಿದ್ದರೆ ಬಾಕ್ಸಿನ ಮೇಲಿನ ಚಿತ್ರ ಮಂಕಾಗಿ, ಕಂದಿಹೋಗಿತ್ತು. ವ್ಯಾಪಾರಿ ಒಳ್ಳೆಯವರು. "ಇನ್ನೊಮ್ಮೆ ಮಾಡಿ ತರ್ರಿ. ಅದೂ ಹಿಂಗ ಆದ್ರ ನಾ ಬ್ಯಾರೆ ಕಡೆ ನೋಡಬೇಕಾಗ್ತೈತಿ, ಸಿಟ್ಟಾಗಬ್ಯಾಡ್ರಿ" ಎಂದರು.

ತಿರುಗಿ ಬರುವ ಬಸ್ಸಿನಲ್ಲಿ ಅಕ್ಕೋರ ಸೆರಗು ಬೆರಳಿಗೆ ಸುತ್ತಿ ಸುತ್ತಿ ಬೆರಳೇ ಕೆಂಪಾಗಿತ್ತು. "ತಮ್ಮಾ, ಇದನ್ನ ವಾಪಸ್ ಕೊಟ್ಟು ಆ ಬಣ್ಣದ ಮಾನಿಟರ್ ತಂದ್ರ ಅವರ ಗಾಡಿ ನಿಲ್ತೈತಿ. ಇದನ್ನ ಇಟಗೊಂಡ್ರ ನನ್ನ ಕೆಲ್ಸ ಹೋಗ್ತೈತಿ. ಕೆಲ್ಸ ಹೋದ್ರ ಡಾಕ್ಟರ ಹಂತ್ಯಾಕ ಹ್ಯಾಂಗ ಹೋಗೂದು? ಯಾವ ಕಡಿಂದ ನೋಡಿದ್ರೂ ಆ ಕೈ ಬರೂದಿಲ್ಲ." ಅವರ ಅಂಜಿಕೆ ಅಂಟುಜಡ್ಡು. ಕೇಳುತ್ತ ಕೇಳುತ್ತ, ಅಂಗಡಿಯವರು ವಾಪಸ್ ತೆಗೆದುಕೊಳ್ಳುತ್ತಾರೋ ಇಲ್ಲವೋ ಎಂದು ನಾನೂ ಚಿಂತೆಗೆ ಬಿದ್ದೆ.

ಕಿಟಕಿಯಾಚೆ ದ್ರಾಕ್ಷಿ ತೋಟಗಳು ಹಿಂದೆ ಸರಿಯುತ್ತಿದ್ದವು. ಅಕ್ಕೋರು ಕರವಸ್ತ್ರದ ಗಂಟು ಬಿಚ್ಚಿ, ಒಂದು ಕಾಳನ್ನು ಅಂಗೈಯಲ್ಲಿಟ್ಟು ಬಿಸಿಲಿಗೆ ಹಿಡಿದರು. ನೋಡಿದರು. ಕೈಯನ್ನು ಸೀಟಿನ ಕೆಳಗಿನ ನೆರಳಿಗೆ ತಂದರು. ಮತ್ತೆ ಬಿಸಿಲಿಗೆ ಹಿಡಿದರು.

"ತಮ್ಮಾ," ಎಂದರು, "ನಾ ಬಾಗಲಾಗ ನೋಡೇ ಇಲ್ಲಲ್ಲೋ!"

ಆಮೇಲೆ ನನಗೂ ಹೊಳೆಯಿತು. ಅಂಗಡಿಯಲ್ಲಿ ನೋಡಿದ್ದು ಬೆಳ್ಳನೆಯ ಟ್ಯೂಬ್‌ಲೈಟಿನ ಕೆಳಗೆ. ಮನೆಯಲ್ಲಿ ನೋಡಿದ್ದು ಖೋಲಿಯ ಮೂಲೆಯ ಹಳದಿ ಬಲ್ಬಿನ ಕೆಳಗೆ. ಆ ಹಳದಿ ಬೆಳಕಿನಲ್ಲಿ ಕಾಳೇ ಕಂದಿದಂತೆ ಕಂಡಿತ್ತು, ಅಕ್ಕೋರು ಚಿತ್ರವನ್ನೂ ಅದಕ್ಕೆ ತಕ್ಕಂತೆ ಕಂದಿಸಿದ್ದರು. ವರ್ಷಗಟ್ಟಲೆ ತಿಕೋಟಾದ ಬಾಗಿಲುಗಳಲ್ಲಿ ನಿಂತು ಮಾಲು ನೋಡಿದವರು, ಮಾನಿಟರ್ ಅಂದಕೂಡಲೇ ಬಾಗಿಲನ್ನು ಮರೆತಿದ್ದರು. ನಾನು ನಕ್ಕೆ. ಅವರು ನಗಲಿಲ್ಲ. "ಯಾತಕ್ಕೂ ಇರ್ಲಿ, ಮೊದಲ ಮಾಡಿ ನೋಡೂಣು" ಎಂದರು.

ಮರುದಿನ ಟೇಬಲ್ಲನ್ನು ಮೂಲೆಯಿಂದ ಬಾಗಿಲ ಮಗ್ಗುಲಿಗೆ ಎಳೆದೆವು. ಬಿಸಿಲು ನೇರ ಪರದೆಗೆ ಬೀಳದಂತೆ ಅಣ್ಣಾರ ಬಿಳಿ ಧೋತರವೊಂದನ್ನು ಬಾಗಿಲಿಗೆ ಇಳಿಬಿಟ್ಟೆವು. ಮಾನಿಟರಿನ ಕೆಳಗಿನ ಗುಂಡಿ ಒತ್ತಿದರೆ ಅದರ ರೀತಿ ಬದಲಾಗುತ್ತಿತ್ತು. ಒಂದು ರೀತಿ ಬಣ್ಣವನ್ನು ಹೆಚ್ಚುಕಡಿಮೆ ಮಾಡದೆ ತೋರಿಸುವುದು, ಇನ್ನೊಂದು ಗೇಮಿಗಾಗಿ ಎಲ್ಲವನ್ನೂ ಥಳಥಳ ಮಾಡುವುದು. ಹಗಲು ಬಾಕ್ಸಿಗೆ, ಸಂಜೆ ಬಸ್ಸಿಗೆ ಎಂದು ನೇಮವಾಯಿತು. ಮರೆಯಬಾರದೆಂದು ಅಕ್ಕೋರು ಆ ಗುಂಡಿಯ ಪಕ್ಕ ಕುಂಕುಮದ ಬೊಟ್ಟು ಇಟ್ಟರು. ಗ್ಯಾಸಿನ ಜಾಗಕ್ಕೆ ಈಗ ಗುಂಡಿ ಬಂತು. ಸಂತೆಗೆ ಹೋದವರು ಅರ್ಧ ದಾರಿಯಿಂದ ಬೇಗಂಗೆ ಫೋನು ಮಾಡಿ, "ಆ ಗುಂಡಿ ಒತ್ತೀನೇನು ನೋಡ್ರಿ" ಎನ್ನುತ್ತಿದ್ದರು. "ನನಗೇನ ತಿಳೀತೈತ್ರಿ ಯವ್ವಾ ಅದು!" ಎಂದು ಬೇಗಂ ಹಣೆ ಚಚ್ಚಿಕೊಳ್ಳುತ್ತಿದ್ದಳು.

ಎರಡನೆಯ ಬಾಕ್ಸನ್ನೂ ವ್ಯಾಪಾರಿ ಬಾಗಿಲಿಗೆ ಒಯ್ದರು. ಕಾಳು ಇಟ್ಟರು, ತಿರುಗಿಸಿ ನೋಡಿದರು, ಆ ಕಾಳನ್ನೇ ಬಾಯಿಗೆ ಹಾಕಿಕೊಂಡು ಅಗಿಯುತ್ತ, "ಛಾಪಸ್ರಿ" ಎಂದು ಅಚ್ಚಿಗೆ ಒಪ್ಪಿಗೆ ಕೊಟ್ಟರು. ಅಕ್ಕೋರು ಅಲ್ಲೇ ಗೋದಾಮಿನ ಮೆಟ್ಟಿಲ ಮೇಲೆ ಕೂತು ನೀರು ಕೇಳಿದರು.

ಅದಾದ ಮೇಲೆ ಅವರು ಮಾಡಿದ ಒಂದು ಕೆಲಸ ಯಾವ ಗಿರಾಕಿಯೂ ಹೇಳಿದ್ದಲ್ಲ. ಆ ಗೇಮಿನಲ್ಲಿ ಬಸ್ಸುಗಳಿಗೆ ನಮಗೆ ಬೇಕಾದ ಬಣ್ಣ ಬಳಿಯಬಹುದಿತ್ತು. ಅಕ್ಕೋರು ಕೂತು, ಅಣ್ಣಾರು ಓಡಿಸುತ್ತಿದ್ದಂಥದೇ ಕೆಂಪು ಬಸ್ಸು ಬರೆದರು. ಹಣೆಗೆ "ವಿಜಯಪುರ–ಬಬಲೇಶ್ವರ" ಎಂದು ಬೋರ್ಡು. ಗೇಮಿನ ಊರು ಯಾವುದೋ ಹೊರದೇಶದ್ದು. ಹಸಿರು ಗುಡ್ಡ, ಕೆಂಪು ಹಂಚಿನ ಮನೆ, ಕೋಟು ಹಾಕಿಕೊಂಡ ಮಂದಿ. ಅದರ ನಡುವೆ ನಮ್ಮ ಬಬಲೇಶ್ವರದ ಗಾಡಿ. ಅಣ್ಣಾರು ಅದನ್ನು ಬಹಳ ಹೊತ್ತು ನೋಡಿ, ತೊದಲುತ್ತ ಒಂದೊಂದೇ ಮಾತು ಜೋಡಿಸಿದರು: "ಇದು... ನಮ್ಮ... ಕೆಂಪಲ್ಲ."

ಅಕ್ಕೋರು ನನಗೆ ಫೋನು ಮಾಡಿ ನಗುತ್ತ ಅಳುತ್ತಿದ್ದರು. "ತಮ್ಮಾ, ಬೈದ್ರೋ! ನನ್ನ ಬಣ್ಣಕ್ಕ ಹೆಸರಿಟ್ರು!" ತಪ್ಪೇನೆಂದರೆ ಬಸ್ಸು ತೀರ ಹೊಸದಾಗಿತ್ತು. ಅಕ್ಕೋರು ಅದಕ್ಕೆ ನಮ್ಮ ರಸ್ತೆಯ ಧೂಳು ಹಚ್ಚಿದರು, ಬಾಗಿಲ ಹತ್ತಿರ ಒಂದು ಕಡೆ ಬಣ್ಣ ಕಿತ್ತರು. ಆಗ ಅಣ್ಣಾರು ತಲೆ ಆಡಿಸಿದರು.

ದಿನಾ ಸಂಜೆ ಅವರ ಬೆನ್ನ ಹಿಂದೆ ನಿಂತು ಅಕ್ಕೋರೇ ಕಂಡಕ್ಟರ್. ಸ್ಟಾಪು ಬಂದರೆ "ಹೋಲ್ಡಾನ್!" ಮಂದಿ ಹತ್ತಿದ ಮೇಲೆ "ರೈಟ್, ರೈಟ್!" ಅಷ್ಟು ಅಂಜುಬುರುಕಿ ಹೆಣ್ಣುಮಗಳ ಬಾಯಲ್ಲಿ ಆ ಮಾತು ಎಷ್ಟು ಗಟ್ಟಿಯಾಗಿ ಬರುತ್ತಿತ್ತೆಂದರೆ ಓಣಿಯಲ್ಲಿ ಹೋಗುವವರು ತಿರುಗಿ ನೋಡುತ್ತಿದ್ದರು. ಬಸ್ಸಿನ ಬಾಗಿಲು ಮುಚ್ಚುವ ಗುಂಡಿ ಸ್ಟೇರಿಂಗಿನ ಬಲಗಡೆ ಇತ್ತು, ಬಲಗೈಯ ಹೆಬ್ಬೆರಳಿಗೆ ಸರಿಯಾಗಿ. ಆ ಹೆಬ್ಬೆರಳು ಏಳುತ್ತಿರಲಿಲ್ಲ. ಅಣ್ಣಾರು ಪ್ರತಿ ಸ್ಟಾಪಿನಲ್ಲೂ ಎಡಗೈಯನ್ನು ಅತ್ತ ಚಾಚಿ ಒತ್ತುತ್ತಿದ್ದರು. ಎಡಗಡೆಯ ಗುಂಡಿಗೆ ಅದನ್ನು ಬದಲಿಸಬಹುದು ಎಂದು ನಾನು ಹೇಳಿದಾಗ ಅಕ್ಕೋರು ಬಿಡಲಿಲ್ಲ. "ಇರ್ಲಿ. ಅಲ್ಲೇ ಇರ್ಲಿ." ಫೋನಿನಲ್ಲಿ ನಾನು ಕೇಳುವ ಮೊದಲೇ ಹೇಳುತ್ತಿದ್ದರು: "ಇವತ್ತೂ ಇಲ್ಲ ತಮ್ಮಾ. ತಡಾ ಆತೇನೋ."

ಜಗತ್ತಿನ ಎಲ್ಲದಕ್ಕೂ ಅಂಜಿದವರು ತಮ್ಮ ಎದೆನೋವಿಗೆ ಅಂಜಲಿಲ್ಲ. "ಪಿತ್ತ ಆಗೇತಿ" ಎಂದು ಶುಂಠಿ ಕಷಾಯ ಕುಡಿದು ಕೂತರು. ಇನ್ನೊಮ್ಮೆ ನೋಡೂಣು ಎನ್ನುವ ಮಾತು ಆ ಒಂದು ವಿಷಯದಲ್ಲಿ ಅವರಿಗೆ ನೆನಪಾಗಲಿಲ್ಲ. ಆಸ್ಪತ್ರೆಗೆ ಒಯ್ಯುವ ದಾರಿಯಲ್ಲೇ ಹೋದರು. ನನಗೆ ಇವತ್ತಿಗೂ ಆ ಕಷಾಯದ ಮೇಲೆ ಸಿಟ್ಟಿದೆ.

ಅಣ್ಣಾರನ್ನು ಬಬಲೇಶ್ವರದಲ್ಲಿದ್ದ ಅವರ ತಮ್ಮ ಕರೆದುಕೊಂಡು ಹೋದ, ಕಂಪ್ಯೂಟರಿನ ಸಮೇತ. ಆಮೇಲೆ ನಾನು ಆ ಕಡೆ ಹೋಗಿರಲಿಲ್ಲ. ಹೋಗಿ ಏನು ಮಾತಾಡುವುದು ಎಂದು. ಹೋದ ವಾರ ಮಾನಿಟರ್ ಕೊಳ್ಳದೆ ಹೊರಬಿದ್ದವನು ಸೀದಾ ಬಸ್‌ಸ್ಟ್ಯಾಂಡಿಗೆ ಹೋಗಿ ಬಬಲೇಶ್ವರದ ಗಾಡಿ ಹತ್ತಿದೆ.

ಅವರ ತಮ್ಮನ ಹೆಂಡತಿ ಒಳಗೆ ಕರೆದಳು. "ಊಟಾ ಬಿಟ್ರೂ ಬಿಡ್ತಾರ್ರಿ, ಅದನ್ನ ಬಿಡೂದಿಲ್ಲ. ಟೇಬಲ್ ಬಾಗಲ ಹಂತ್ಯಾಕ ಬೇಕಂತ ಹಟಾ ಮಾಡಿ ಇಡಿಸ್ಯಾರ" ಎಂದಳು. ಬಾಗಿಲಿಗೆ ಬಿಳಿ ಧೋತರ ಇಳಿಬಿದ್ದಿತ್ತು. ಅದೇ ಮಾನಿಟರ್. ಗುಂಡಿಯ ಪಕ್ಕ ಕುಂಕುಮ ಒಣಗಿ ಕಪ್ಪಾಗಿತ್ತು. ಧೂಳು ಹಿಡಿದ ಕೆಂಪು ಬಸ್ಸು ಆ ಹೊರದೇಶದ ಊರಿನ ಒಂದು ಸ್ಟಾಪಿನಲ್ಲಿ ನಿಂತಿತ್ತು. ಕೋಟಿನ ಮಂದಿ ಹತ್ತಿ ಕೂತಿದ್ದರು. ಬಾಗಿಲು ತೆರೆದೇ ಇತ್ತು. ತಡವಾಯಿತೆಂದು ಪರದೆಯ ಮೂಲೆಯಲ್ಲಿ ಕೆಂಪು ಅಕ್ಷರ ಮಿಣುಕುತ್ತಿತ್ತು. ಅಣ್ಣಾರು ಸ್ಟೇರಿಂಗ್ ಹಿಡಿದು ಸುಮ್ಮನೆ ಕೂತಿದ್ದರು. ಬಲಗೈಗೆ ಈಗ ಬಟ್ಟೆ ಕಟ್ಟಿರಲಿಲ್ಲ.

"ಯಾಕ್ರಿ ಅಣ್ಣಾರ, ನಿಂತಬಿಟ್ಟೀರಿ? ಹೊತ್ತಾತಲ್ರಿ."

ಅವರು ತಿರುಗಿ ನನ್ನನ್ನು ಗುರುತಿಸಿದರು. ಮಾತು ಮೊದಲಿಗಿಂತ ಸುಧಾರಿಸಿತ್ತು.

"ರೈಟ್ ಅನ್ನವರು ಇಲ್ಲ ತಮ್ಮಾ. ಡ್ರೈವರ್ ತಾನ ಹೊರಡೂ ಹಂಗಿಲ್ಲ."

ದಿನಾ ಹೇಗೆ ಹೊರಡುತ್ತೀರಿ ಎಂದು ಕೇಳದೆ, ಅಕ್ಕೋರು ನಿಲ್ಲುತ್ತಿದ್ದ ಹಾಗೆ ಅವರ ಬೆನ್ನ ಹಿಂದೆ ಹೋಗಿ ನಿಂತೆ. ಅವರಷ್ಟು ಗಟ್ಟಿಯಾಗಿ ನನಗೆ ಅನ್ನಲಾಗಲಿಲ್ಲ.

"ರೈಟ್," ಅಂದೆ. "ರೈಟ್, ರೈಟ್."

ಎಡಗೈ ಜರುಗಲಿಲ್ಲ. ಬಲಗೈಯ ಹೆಬ್ಬೆರಳು ಸ್ವಲ್ಪ ನಡುಗಿತು, ಎದ್ದಿತು, ಗುಂಡಿಯ ಮೇಲೆ ಹೋಗಿ ಒತ್ತಿತು. ಬಾಗಿಲು ಮುಚ್ಚಿಕೊಂಡಿತು. ಬಬಲೇಶ್ವರದ ಗಾಡಿ ಹೊರಟಿತು.